ಕವಚದೊಳಗಿಲ್ಲದ ಮನುಷ್ಯ

ಫೋಟೊ ತೆಗೆಯುವಾಗ ಅವರು ಎಲ್ಲಿ ನಿಂತಿದ್ದರೂ ಕೊನೆಗೆ ನಡುವೆಯೇ ಇರುತ್ತಿದ್ದರು. ಯಾರನ್ನೂ ತಳ್ಳುತ್ತಿರಲಿಲ್ಲ, ಸರಿಯಿರಿ ಎನ್ನುತ್ತಲೂ ಇರಲಿಲ್ಲ. ಒಬ್ಬರ ಹೆಗಲ ಮೇಲೆ ಕೈಯಿಟ್ಟು ಏನೋ ಕೇಳುವವರಂತೆ ಒಂದು ಹೆಜ್ಜೆ, ಇನ್ನೊಬ್ಬರ ಕಾಲರು ಸರಿಮಾಡುವವರಂತೆ ಇನ್ನೊಂದು ಹೆಜ್ಜೆ. ಫೋಟೊದವನು ಬೆರಳೊತ್ತುವ ಹೊತ್ತಿಗೆ ಮುಖ್ಯಾಧ್ಯಾಪಕರು ಬದಿಗೆ ಸರಿದು ಅವರು ನಡುವೆ ಬಂದಿರುತ್ತಿದ್ದರು. ಹದಿನಾಲ್ಕು ವರ್ಷ ಅವರೊಂದಿಗೆ ಒಂದೇ ಶಾಲೆಯಲ್ಲಿ ಕೆಲಸ ಮಾಡಿದ್ದೇನೆ. ನನ್ನ ಹತ್ತಿರವಿರುವ ಯಾವ ಫೋಟೊದಲ್ಲೂ ಅವರು ಬದಿಯಲ್ಲಿಲ್ಲ.

ಕೆಲವು ತಿಂಗಳ ಹಿಂದೆ ಅವರು ತೀರಿಕೊಂಡರು. ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ಸುದ್ದಿ ಬಂದಾಗ ಎಲ್ಲರೂ ಕೈಮುಗಿದ ಚಿತ್ರ ಹಾಕಿದರು, ‘ಥೋರ ಕಲಾವಂತ’, ಅಂದರೆ ದೊಡ್ಡ ಕಲಾವಿದ, ಎಂದು ಬರೆದರು. ಕೈಮುಗಿದ ಚಿತ್ರವನ್ನು ನಾನೂ ಹಾಕಿದೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂದು ನನ್ನ ಅವ್ವ ಹೇಳುತ್ತಿದ್ದಳು. ಆದರೆ ಬದುಕಿದ್ದಾಗ ಆಡುವ ಧೈರ್ಯ ನನಗಿರಲಿಲ್ಲ. ಈಗಲೂ ಬಾಯಿ ಮುಚ್ಚಿಕೊಂಡರೆ ನನಗೂ ಅವರಿಗೂ ಏನು ವ್ಯತ್ಯಾಸ?

ನಮ್ಮದು ಅಕ್ಕಲಕೋಟ ತಾಲೂಕಿನ ಒಂದು ಶಾಲೆ. ಒಂದೇ ಮಾಡಿನ ಕೆಳಗೆ ಮರಾಠಿ ವಿಭಾಗ, ಕನ್ನಡ ವಿಭಾಗ ಎರಡೂ ಇದ್ದವು; ವಿಭಾಗಕ್ಕೆ ನಮ್ಮಲ್ಲಿ ‘ತುಕಡಿ’ ಎನ್ನುತ್ತಾರೆ. ನಾನು ಕನ್ನಡ ಕಲಿಸುತ್ತಿದ್ದೆ. ಅವರು ಎರಡೂ ವಿಭಾಗಗಳಿಗೆ ಚಿತ್ರಕಲೆಯ ಮಾಸ್ತರು. ನಮ್ಮ ಕಡೆ ಕಲಿಸುವ ಹೆಂಗಸರನ್ನು ‘ಬಾಯಿ’ ಎನ್ನುತ್ತಾರೆ, ಗಂಡಸರನ್ನು ‘ಸರ್’. ಬರೀ ‘ಸರ್’ ಎಂದರೆ ಅವರಿಗೆ ಸಾಲುತ್ತಿರಲಿಲ್ಲ; ಸಿಪಾಯಿಯಿಂದ ‘ಕಲಾವಂತ ಸರ್’ ಎಂದು ಕರೆಸಿಕೊಳ್ಳುತ್ತಿದ್ದರು.

ಸೊಲ್ಲಾಪುರದ ಪೇಟೆಯಲ್ಲಿ ಅವರ ಮನೆತನದ ಟಾವೆಲ್ಲು, ಚಾದರಿನ ದೊಡ್ಡ ಅಂಗಡಿಯಿತ್ತು. ನಾಲ್ಕು ಜನ ಅಣ್ಣತಮ್ಮಂದಿರಲ್ಲಿ ಮೂವರು ಅಂಗಡಿ ನೋಡಿಕೊಳ್ಳುತ್ತಿದ್ದರು. ಕಿರಿಯವರಾದ ಇವರನ್ನು ಮಾತ್ರ ಯಾಕೆ ಮಾಸ್ತರಿಕೆಗೆ ಕಳಿಸಿದರು ಎಂದು ನಮ್ಮ ಸಹೋದ್ಯೋಗಿಯೊಬ್ಬರು ಚಾದರು ಕೊಳ್ಳಲು ಹೋದಾಗ ಅವರ ಹಿರಿಯಣ್ಣನನ್ನು ಕೇಳಿದ್ದರಂತೆ. ಹಿರಿಯಣ್ಣ ಚಾದರು ಮಡಚುತ್ತಲೇ, “ಗಿರಾಕಿ ಮುಂದ ಕುಂಡ್ರಿಸಿದ್ರ ಇವ ಟಾವೆಲ್ ಮಾರೂದಿಲ್ರಿ, ತನ್ನನ್ನ ಮಾರ್ತಾನ” ಎಂದಿದ್ದರಂತೆ. ಅವರನ್ನು ಆ ಅಣ್ಣನಿಗಿಂತ ಚೆನ್ನಾಗಿ ಬಲ್ಲವರನ್ನು ನಾನು ಕಾಣೆ.

ಸೊಲ್ಲಾಪುರದಿಂದ ದಿನವೂ ತಮ್ಮ ಕಾರಿನಲ್ಲಿ ಬರುತ್ತಿದ್ದರು. ನಾವು ನಾಲ್ಕೈದು ಜನ ಎಸ್‌ಟಿ ಬಸ್ಸಿಗಾಗಿ ನಿಂತಿದ್ದಾಗ ನಮ್ಮ ಮುಂದೆಯೇ ಹೋಗುತ್ತಿದ್ದರು, ಒಂದು ದಿನವೂ ನಿಲ್ಲಿಸಿದವರಲ್ಲ. ಕಾರಿನಲ್ಲಿ ಇನ್ನೊಬ್ಬರು ಕೂತರೆ ಕಲ್ಪನೆ ತುಂಡಾಗುತ್ತದೆಂದು ಅವರೇ ವಿವರಿಸಿದ್ದರು. ಸ್ಟಾಫ್ ರೂಮಿನಲ್ಲಿ ಕುಂಚ ತೊಳೆಯಲು ಅವರಿಗೆ ಬೇರೆ ನೀರು ಬೇಕಾಗಿರಲಿಲ್ಲ, ಹತ್ತಿರದಲ್ಲಿ ಯಾರ ಚಹಾದ ಲೋಟವಿದೆಯೋ ಅದೇ ಆಗುತ್ತಿತ್ತು. ಒಮ್ಮೆ ಗಣಿತದ ಮಾಸ್ತರು ನೀಲಿ ಚಹಾ ಕುಡಿದು ಇಡೀ ದಿನ ನಾಲಿಗೆ ತೋರಿಸುತ್ತ ತಿರುಗಿದರು. ಅದಕ್ಕೂ ಇವರದೇ ಮಾತು: ಲೋಟ ನೋಡಿ ಕುಡಿಯುವ ಅಭ್ಯಾಸ ಇಟ್ಟುಕೊಳ್ಳಬೇಕು.

ಅವರ ಕೈ ಮಾತ್ರ ಒಳ್ಳೆಯದಿತ್ತು. ಸುಳ್ಳು ಹೇಳಲಾರೆ. ಎಮ್ಮೆಯನ್ನು ಬರೆದರೆ ಅದು ಈಗ ಬಾಲ ಆಡಿಸುತ್ತದೆ ಅನಿಸುತ್ತಿತ್ತು. ಆ ಕೈಯನ್ನು ನಂಬಿಯೇ ನಾನು ಕೆಟ್ಟೆ.

ನಮ್ಮ ಕನ್ನಡ ವಿಭಾಗದ ಮಕ್ಕಳು ಮನೆಯಲ್ಲಿ, ಹೊಲದಲ್ಲಿ ಕನ್ನಡವನ್ನೇ ಮಾತಾಡುವವರು. ಆದರೆ ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ರೇಷನ್ ಚೀಟಿ ಎಲ್ಲವೂ ಮರಾಠಿ. ಕನ್ನಡದ ಒತ್ತಕ್ಷರ ಬಂದರೆ ಓದಿನ ಗಾಡಿ ನಿಲ್ಲುತ್ತಿತ್ತು. ವರ್ಷವರ್ಷವೂ ಪಟ, ಅಂದರೆ ಮಕ್ಕಳ ಸಂಖ್ಯೆ, ಇಳಿಯುತ್ತಿತ್ತು. ಇವರಿಗೆ ಓದುವ ಆಸೆ ಹುಟ್ಟಿಸಬೇಕೆಂದು ನಾನೊಂದು ಕಥೆ ಮಾಡಿದೆ. ನಿಂಗಿ ಎಂಬ ಕುರಿ ಕಾಯುವ ಹುಡುಗಿ. ನೆಲಕ್ಕೆ ಕಿವಿ ಹಚ್ಚಿದರೆ ಹನ್ನೆರಡು ಹಳ್ಳಿಯಲ್ಲಿ ಯಾರು ಅಳುತ್ತಿದ್ದಾರೆಂದು ಅವಳಿಗೆ ಗೊತ್ತಾಗುತ್ತದೆ. ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡರೆ ಜೋಳದ ಹೊಲಗಳ ಮೇಲಿಂದ ಹಾರಬಲ್ಲಳು. ಮಾತು ಕಡಿಮೆ, ಚಿತ್ರ ಹೆಚ್ಚು. ಚಿತ್ರ ಅವರು ಬರೆದುಕೊಟ್ಟರು. ಹದಿನಾರು ಪುಟದ ಪುಸ್ತಕವನ್ನು ಅಕ್ಕಲಕೋಟದಲ್ಲಿ ಅಚ್ಚು ಹಾಕಿಸಿ, ಶಾಲೆಯಲ್ಲೇ ಹೊಲಿದೆವು.

ಮಕ್ಕಳು ಅದನ್ನು ಹರಿಯುವ ತನಕ ಓದಿದರು. ಬಸ್ಸಿನಲ್ಲಿ ಓದಿದರು, ಎಮ್ಮೆಯ ಬೆನ್ನಿನ ಮೇಲೆ ಕೂತು ಓದಿದರು. ಮುಂದಿನ ಸಲ ನಿಂಗಿ ನಮ್ಮೂರಿಗೆ ಬರುತ್ತಾಳೇನೆಂದು ಬೇರೆ ಊರಿನ ಮಕ್ಕಳೂ ಕೇಳಿ ಕಳಿಸಿದರು. ಎರಡನೆಯ ಸಂಚಿಕೆಯ ಹೊತ್ತಿಗೆ ಸೊಲ್ಲಾಪುರದ ಒಂದು ಪತ್ರಿಕೆ ನಾಲ್ಕು ಸಾಲು ಬರೆಯಿತು. ಬರೆದವರು ನಿಂಗಿಯ ಹೆಸರು ಹಾಕಿದ್ದರು, ನನ್ನ ಹೆಸರು ಹಾಕಿದ್ದರು, ಚಿತ್ರ ಬರೆದವರ ಹೆಸರು ಮರೆತಿದ್ದರು.

ಮೂರನೆಯ ಸಂಚಿಕೆಯ ಚಿತ್ರಗಳು ಬಂದಾಗ ನಾನು ಬರೆಯದ ಒಬ್ಬನು ಅದರಲ್ಲಿದ್ದ. ತಲೆಯಿಂದ ಕಾಲಿನ ತನಕ ಉಕ್ಕಿನ ಕವಚ, ಎದೆಯಲ್ಲಿ ದೀಪ, ಬೆನ್ನಿನಲ್ಲಿ ಯಂತ್ರ. ಹೆಸರು ಕವಚರಾಜ. ದೊಡ್ಡ ವ್ಯಾಪಾರಿ ಮನೆತನದವನು, ಮಹಾ ಬುದ್ಧಿವಂತ, ನಿಂಗಿಗೆ ಎದುರಾಳಿ. ಮುಖದ ಮೇಲಿನ ಮುಚ್ಚಳ ತೆರೆದಾಗ ಒಳಗೆ ಸರ್ ಅವರದೇ ಮೂಗು, ಸರ್ ಅವರದೇ ಮೀಸೆ. ವಯಸ್ಸು ಮಾತ್ರ ಇಪ್ಪತ್ತು ವರ್ಷ ಕಡಿಮೆ.

ಇವನು ಯಾರು ಎಂದು ಕೇಳಿದೆ. ಅವರು ಕನ್ನಡಕವನ್ನು ಅಂಗಡಿಯ ಸ್ಯಾಂಪಲ್ ಟಾವೆಲ್ಲಿನಿಂದ ಒರೆಸುತ್ತ ಹೇಳಿದರು: “ಬಾಯಿ, ನಿಮ್ಮ ಹುಡುಗಿ ಹಾರ್ತಾಳ. ಹಾರೂದು ದೇವರು ಕೊಟ್ಟದ್ದು, ಅದ್ರಾಗ ಆಕಿದೇನದ? ನಮ್ಮಾಂವ ತಲಿ ಖರ್ಚ ಮಾಡಿ ಮಶೀನ ಮಾಡ್ಯಾನ. ಖರೇ ದೊಡ್ಡಾಂವ ಯಾರು, ನೀವ ಹೇಳ್ರಿ.”

ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಎದುರಾಳಿ ಇದ್ದರೆ ಕಥೆಗೆ ಬಿಸಿ ಬರುತ್ತದೆಂದು ನಾನೂ ಒಪ್ಪಿದೆ. ಆದರೆ ಎದುರಾಳಿ ಎಂದರೆ ಎದುರಿಗೆ ನಿಲ್ಲುವವನು. ಇವನು ನಡುವೆ ಬಂದು ನಿಂತ. ನಾಲ್ಕನೆಯ ಸಂಚಿಕೆಯಲ್ಲಿ ನಿಂಗಿ ಕೇಳಿಸಿಕೊಂಡ ಅಳುವನ್ನು ಕವಚರಾಜ ಮೊದಲೇ ಹೋಗಿ ನಿಲ್ಲಿಸಿದ್ದ. ಐದನೆಯದರಲ್ಲಿ ಅವಳು ಅವನ ಹಿಂದೆ ಕಂಬಳಿ ಹಿಡಿದು ಓಡುತ್ತಿದ್ದಳು. ನಾನು ಬರೆದ ಮಾತುಗಳಿಗೆ ಜಾಗ ಸಾಲದೆಂದು ಅವರೇ ಕತ್ತರಿಸಿ, ಕವಚರಾಜನ ಬಾಯಲ್ಲಿ ಮರಾಠಿ ಭಾಷಣ ಹಾಕಿದರು. ಮಕ್ಕಳು ಸೇಡು ತೀರಿಸಿಕೊಂಡರು. ಯಾವ ಹುಡುಗಿ ಮೊದಲು ಅಂದಳೋ ಗೊತ್ತಿಲ್ಲ, ಕವಚರಾಜನಿಗೆ ‘ಡಬ್ಬಣ್ಣ’ ಎಂದು ಹೆಸರಿಟ್ಟರು. ಅವರ ಕಾರು ಬಂದರೂ “ಡಬ್ಬಣ್ಣ ಬಂದಾನ” ಎಂದು ಪಿಸುಗುಟ್ಟುತ್ತಿದ್ದರು. ಅವರು ಇಡೀ ಆರನೆಯ ವರ್ಗವನ್ನು ಬಿಸಿಲಲ್ಲಿ ನಿಲ್ಲಿಸಿ ಅಂದವರ ಹೆಸರು ಕೇಳಿದರು. ಯಾರೂ ಹೇಳಲಿಲ್ಲ. ಆ ದಿನ ನನ್ನ ಮಕ್ಕಳ ಬಗ್ಗೆ ನನಗೆ ಹೆಮ್ಮೆಯಾಯಿತು.

ಮಕ್ಕಳನ್ನು ಕಾಗದದ ಮೇಲೆ ಗೆಲ್ಲಲಾಗದ ಮೇಲೆ ಅವರಿಗೆ ಹೊಸ ಹುಕಿ ಹತ್ತಿತು. ತಾಲೂಕಿನ ಶಾಲೆಗಳ ವಿಜ್ಞಾನ ಪ್ರದರ್ಶನ ಆ ವರ್ಷ ಅಕ್ಕಲಕೋಟದಲ್ಲಿತ್ತು. ಅಲ್ಲಿಗೆ ನಿಜವಾದ ಕವಚ ಒಯ್ಯಬೇಕು, ಕೈ ಏಳಬೇಕು, ಎದೆಯಲ್ಲಿ ದೀಪ ಹತ್ತಬೇಕು. ಮಾಡುವವರು ಯಾರು? ಅಲ್ಲಿ ನಾನು ಬಾಯಿಬಿಟ್ಟೆ. ನಮ್ಮ ಕಾಕಾ ಇದ್ದಾರೆ ಎಂದೆ.

ಕಾಕಾ ನನ್ನ ತಂದೆಯ ಕಿರಿಯ ತಮ್ಮ. ನಮ್ಮೂರು ಕರಜಗಿಯ ಹೊಲವನ್ನು ಅಣ್ಣಂದಿರಿಗೆ ಬಿಟ್ಟು ಹದಿನೆಂಟನೆಯ ವಯಸ್ಸಿಗೆ ಸೊಲ್ಲಾಪುರಕ್ಕೆ ಹೋದವರು. ಪಾವರ್‌ಲೂಮ್ ಕಾರಖಾನೆಯಲ್ಲಿ ಜಾಬರ್ ಆಗಿದ್ದರು. ಅಂದರೆ ಕೆಟ್ಟ ಮಗ್ಗವನ್ನು ಮತ್ತೆ ನಡೆಸುವವರು. ಇಪ್ಪತ್ತನಾಲ್ಕು ಮಗ್ಗಗಳ ಗದ್ದಲದಲ್ಲಿ ಯಾವ ಮಗ್ಗದ ಯಾವ ಮೊಳೆ ಸಡಿಲಾಗಿದೆಯೆಂದು ಕಣ್ಣುಮುಚ್ಚಿ ಹೇಳುತ್ತಿದ್ದರು. ಮಾತು ಕಡಿಮೆ. ಕವಚದ ಚಿತ್ರ ಕೊಟ್ಟಾಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮನುಷ್ಯ ಒಳಗೆ ಉಸಿರಾಡುವುದು ಎಲ್ಲಿಂದ ಎಂದಷ್ಟೇ ಕೇಳಿದರು. ಚಿತ್ರದಲ್ಲಿ ಅದಕ್ಕೆ ಜಾಗವಿರಲಿಲ್ಲ.

ಎರಡು ತಿಂಗಳು, ಪಾಳಿ ಮುಗಿದ ಮೇಲೆ ಕಾರಖಾನೆಯಲ್ಲೇ ಕೂತು, ಅಲ್ಯೂಮಿನಿಯಂ ತಗಡು ಕೊರೆದು, ಹಳೆಯ ಮಗ್ಗದ ಸ್ಪ್ರಿಂಗುಗಳನ್ನು ಮೊಣಕೈಗೆ ಕೂಡಿಸಿ, ಕಾರಿನ ವೈಪರ್ ಮೋಟರಿನಿಂದ ಕೈ ಏಳುವಂತೆ ಮಾಡಿದರು. ಬೆನ್ನಿಗೆ ಮೋಟರ್‌ಸೈಕಲ್ಲಿನ ಬ್ಯಾಟರಿ. ಸರ್ ಮೂರು ಸಲ ನೋಡಲು ಬಂದರು. ಹತ್ತಿಯ ಧೂಳು ತಾಗೀತೆಂದು ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲೇ ನಿಂತು, ಅಲ್ಲಿಂದಲೇ ಅಪ್ಪಣೆ ಕೊಟ್ಟರು. ಎದೆಯ ಮುಂದಿದ್ದ ಕೊಂಡಿ ಅಂದ ಕೆಡಿಸುತ್ತದೆ, ಹಿಂದಕ್ಕೆ ಹಾಕಿ. ಹಿಂದೆ ಹಾಕಿದ್ದೂ ಕಾಣುತ್ತದೆ, ಮೇಲೆ ತಗಡು ಹೊದಿಸಿ. ಭುಜ ಸಣ್ಣದಾಯಿತು, ಒಳಗೆ ಹತ್ತಿ ತುಂಬಿ.

ಕಾಕಾ ಬೇಡವೆಂದರು. ಬ್ಯಾಟರಿಯ ಹತ್ತಿರ ಹತ್ತಿ ಇರಬಾರದು, ಒಳಗಿದ್ದವನಿಗೆ ತಾನೇ ತೆರೆದುಕೊಂಡು ಬರಲು ಆಗಬೇಕು ಎಂದು ನನ್ನೆದುರಿಗೇ ಹೇಳಿದರು. ಸರ್ ನಕ್ಕು ನನ್ನ ಕಡೆ ತಿರುಗಿ, “ಬಾಯಿ, ನಿಮ್ಮ ಕಾಕಾಗ ಹೇಳ್ರಿ, ಇದು ಮಗ್ಗ ಅಲ್ಲ, ಕಲಾ ಅದ” ಎಂದರು. ನಾನು ಕಾಕಾನಿಗೆ, ಇರಲಿ ಬಿಡ್ರಿ, ಹತ್ತು ನಿಮಿಷದ ಆಟ ಎಂದೆ. ಮರುವಾರ ಹೋದಾಗ ಹತ್ತಿ ತುಂಬಿತ್ತು, ತಗಡು ಹೊದಿಸಿತ್ತು.

ಪ್ರದರ್ಶನದ ದಿನ ಬೆಳಿಗ್ಗೆ ಸರ್ ಕವಚ ತೊಟ್ಟು ಫೋಟೊ ತೆಗೆಸಿಕೊಂಡರು. ಐದಾರು ನಿಮಿಷಕ್ಕೆ ಬೆವೆತು ಹೊರಬಂದು, ಮುಖ್ಯ ಅತಿಥಿ ಸಾಹೇಬರು ಬಂದಾಗ ತಾವು ಪಕ್ಕದಲ್ಲಿ ನಿಂತು ಮಾಹಿತಿ ಕೊಡಬೇಕು, ಒಳಗೆ ಬೇರೆ ಯಾರಾದರೂ ಇರಲಿ ಎಂದರು. ಕಾಕಾ ಕವಚವನ್ನು ಟೆಂಪೊದಲ್ಲಿ ತಂದವರು ಅಲ್ಲೇ ಇದ್ದರು. ಮೋಟರಿನ ಸ್ವಭಾವ ಬಲ್ಲವರು ಅವರೊಬ್ಬರೇ. ಮೇಲಂಗಿ ಬಿಚ್ಚಿಟ್ಟು ಬನಿಯನ್ನಿನಲ್ಲಿ ಒಳಹೊಕ್ಕರು. ಹಿಂದಿನ ಕೊಂಡಿಯನ್ನೂ ಅದರ ಮೇಲಿನ ತಗಡನ್ನೂ ಹೊರಗಿನಿಂದ ಬಿಗಿದರು.

ತಗಡಿನ ಮಾಡಿನ ಸಭಾಗೃಹ, ಮಧ್ಯಾಹ್ನದ ಬಿಸಿಲು, ತುಂಬ ಜನ. ಸಾಹೇಬರು ಬಂದರು. ಸರ್ ಮೈಕು ಹಿಡಿದು ತಮ್ಮ ಬಾಲ್ಯದಿಂದ ಸುರುಮಾಡಿದರು. ಬಾಲ್ಯ ಮುಗಿದು ಕಲೆಯ ಹುಚ್ಚು ಬಂತು, ಕವಚರಾಜನ ಕಲ್ಪನೆ ಬಂತು, ಹಗಲಿರುಳು ತಗಡು ಕೊರೆದದ್ದು ಬಂತು. ಅವರು ಸನ್ನೆ ಮಾಡಿದಾಗ ಕವಚದ ಬಲಗೈ ಎದ್ದಿತು. ಚಪ್ಪಾಳೆ. ಎಡಗೈ ಅರ್ಧಕ್ಕೆ ಎದ್ದು ನಿಂತಿತು, ನಡುಗತೊಡಗಿತು. ಆಮೇಲೆ ಒಳಗಿನಿಂದ ತಗಡು ಬಡಿಯುವ ಸಪ್ಪಳ ಕೇಳಿತು. ಜನ ಅದೂ ಆಟವೆಂದು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

ಹೊಗೆ ಮೊದಲು ಕಂಡದ್ದು ಭುಜದ ಹತ್ತಿರ. ನಾನು ಮೂರನೆಯ ಸಾಲಿನಲ್ಲಿದ್ದೆ. ಸರ್ ಹಿಂತಿರುಗಿ ನೋಡಿದರು. ಇದನ್ನು ನಾನು ಎಷ್ಟೋ ಸಲ ನೆನಪಿಸಿಕೊಂಡಿದ್ದೇನೆ, ಪ್ರತಿ ಸಲವೂ ಅದೇ ಕಾಣುತ್ತದೆ. ಅವರು ನೋಡಿದರು. ಹೊಗೆಯನ್ನೂ ನೋಡಿದರು, ಪಕ್ಕದ ಸಾಹೇಬರನ್ನೂ ನೋಡಿದರು. ಮತ್ತೆ ಮೈಕಿಗೆ ಬಾಯಿ ಹಚ್ಚಿ, “ಬಘಾ ಸಾಹೇಬ, ನೋಡ್ರಿ, ಕವಚರಾಜಾ ತಯಾರಾಗ್ಯಾನ” ಎಂದರು.

ನಾನು ಕೂಗುತ್ತ ಓಡಿದೆ. ನನಗಿಂತ ಮೊದಲು ಓಡಿದವಳು ನಮ್ಮ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುವ ಮಹಾದೇವಿ. ಬಾಗಿಲ ಬಳಿ ಮಕ್ಕಳಿಗೆ ಅನ್ನ ಬಡಿಸುತ್ತಿದ್ದವಳು ಕೈಯಲ್ಲಿದ್ದ ಕಬ್ಬಿಣದ ಸೌಟಿನೊಂದಿಗೇ ವೇದಿಕೆ ಹತ್ತಿದಳು. ಕೊಂಡಿಯ ಮೇಲಿನ ತಗಡಿನ ಸಂದಿಗೆ ಸೌಟಿನ ಹಿಡಿ ತೂರಿಸಿ ಮೈಭಾರ ಹಾಕಿ ಒತ್ತಿದಳು. ನಾನು ಸೆರಗು ಸುತ್ತಿದ ಕೈಯಿಂದ ಎಳೆದೆ. ತಗಡು ಕಿತ್ತುಬಂತು, ಕೊಂಡಿ ತೆರೆಯಿತು, ಹತ್ತಿ ಧಗ್ಗೆಂದಿತು. ಕಾಕಾನನ್ನು ಹೊರಗೆಳೆದು ಮಹಾದೇವಿ ಸಾರಿನ ಪಾತ್ರೆಯ ಪಕ್ಕದಲ್ಲಿದ್ದ ಕುಡಿಯುವ ನೀರನ್ನು ಕೊಡದೊಂದಿಗೇ ತಂದು ಸುರಿದಳು. ಆಗಲೂ ಸರ್ ಮೈಕು ಕೆಳಗಿಟ್ಟಿರಲಿಲ್ಲ.

ಸೊಲ್ಲಾಪುರದ ದವಾಖಾನೆಯಲ್ಲಿ ಕಾಕಾ ಒಂದು ತಿಂಗಳಿಗೂ ಹೆಚ್ಚು ಇದ್ದರು. ಬೆನ್ನಿನ ಗಾಯ ಮಾಯಿತು. ಎಡಗೈಯ ಮೂರು ಬೆರಳು ಮಡಚಿಕೊಂಡು ಹಾಗೆಯೇ ಉಳಿದವು. ಹರಿದ ಎಳೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟು ಹಾಕುತ್ತಿದ್ದ ಕೈ ಅದು. ಕಾರಖಾನೆಯವರು ಕೆಲಕಾಲ ನೋಡಿ, ಆಮೇಲೆ ಗೇಟಿನ ಬಳಿ ಕುರ್ಚಿ ಹಾಕಿಕೊಟ್ಟರು. ಮಗ್ಗದ ಸಪ್ಪಳ ಅಲ್ಲಿಗೂ ಕೇಳಿಸುತ್ತಿತ್ತು. ಯಾವ ಮಗ್ಗ ಕೆಟ್ಟಿದೆಯೆಂದು ಅವರಿಗೆ ಕುರ್ಚಿಯಲ್ಲೇ ಗೊತ್ತಾಗುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ.

ಸರ್ ದವಾಖಾನೆಗೆ ಒಮ್ಮೆಯೂ ಬರಲಿಲ್ಲ. ಫಿನಾಯಿಲ್ ವಾಸನೆ ಅವರಿಗೆ ಆಗಿಬರುವುದಿಲ್ಲವಂತೆ.

ಶಾಲೆಯಲ್ಲಿ ವಿಚಾರಣೆ ನಡೆಯಿತು. ಸರ್ ಒಂದು ಹೇಳಿಕೆ ಬರೆದು ತಂದರು: ಕವಚದ ಕಲ್ಪನೆ ಮತ್ತು ರಚನೆ ತಮ್ಮದು, ಹೊರಗಿನ ವ್ಯಕ್ತಿಯೊಬ್ಬ ಪರವಾನಗಿ ಇಲ್ಲದೆ ಅದರ ತಂತಿಗಳನ್ನು ಮುಟ್ಟಿ, ತಾನಾಗಿಯೇ ಒಳಗೆ ಹೊಕ್ಕ. ಕೆಳಗೆ ಸಾಕ್ಷಿಗೆ ಎಂದು ನನ್ನ ಹೆಸರಿತ್ತು. ನಾನು ಕಾಗದ ದೂಡಿದೆ. ಅವರು ಸಿಟ್ಟಾಗಲಿಲ್ಲ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಮೆಲ್ಲಗೆ ಹೇಳಿದರು. “ಕನ್ನಡ ತುಕಡಿ ಬಂದ್ ಮಾಡಾಕ ನಿಮಿತ್ತ ಹುಡುಕಾಕತ್ಯಾರ, ನಿಮಗ ಗೊತ್ತದ. ಅಡಿಗಿ ಮಾಡು ಬಾಯಿ ವೇದಿಕಿ ಏರ್ಯಾಳ, ನಿಮ್ಮ ಕಾಕಾ ಸುಟ್ಕೊಂಡಾನ. ಎಲ್ಲಾ ನಿಮ್ಮ ಕನ್ನಡದಾವರ ಪೈಕಿನೇ. ವಿಚಾರ ಮಾಡ್ರಿ.”

ವಿಚಾರ ಮಾಡಿದೆ. ಸಹಿ ಹಾಕಿದೆ. ಮಕ್ಕಳಿಗಾಗಿ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಈಗ ಹಾಗೆ ಹೇಳುವುದಿಲ್ಲ. ನನ್ನ ನೌಕರಿಯೂ ಅದೇ ತುಕಡಿಯಲ್ಲಿತ್ತು. ಕಾಕಾನಿಗೆ ವಿಷಯ ತಿಳಿಸಿದಾಗ ಅವರು ಗೋಡೆಯ ಕಡೆ ನೋಡುತ್ತ, ಊಟ ಮಾಡಿದಿಯಾ ಎಂದು ಕೇಳಿದರು. ಬೈದಿದ್ದರೆ ಇಷ್ಟು ವರ್ಷ ನನಗೆ ಅದು ಚುಚ್ಚುತ್ತಿರಲಿಲ್ಲ.

ಎರಡು ವರ್ಷಕ್ಕೆ ಕನ್ನಡ ತುಕಡಿ ಹೇಗೂ ಮುಚ್ಚಿತು. ನಾನು ಬೇರೆ ಶಾಲೆಗೆ ಹೋದೆ. ಕಾಮಿಕ್ಸನ್ನು ಅವರು ಒಬ್ಬರೇ ಮುಂದುವರಿಸಿದರಂತೆ, ನಿಂಗಿಯನ್ನು ತೆಗೆದುಹಾಕಿ, ಬರೀ ಕವಚರಾಜನನ್ನು ಇಟ್ಟು. ಎರಡು ಸಂಚಿಕೆ ಬಂದವು. ಕಟ್ಟು ಬಿಚ್ಚದ ಪ್ರತಿಗಳು ಕಪಾಟಿನ ಮೇಲೆ ವರ್ಷಗಟ್ಟಲೆ ಇದ್ದವೆಂದು ಸಿಪಾಯಿ ಹೇಳಿದ. ಅವರ ನಿವೃತ್ತಿಯ ದಿನದ ಸಭೆಗೆ ನಾನು ಹೋಗಲಿಲ್ಲ. ಹೋದವರು ಹೇಳಿದ ಪ್ರಕಾರ, ಅವರು ತಮ್ಮ ಬಗ್ಗೆ ತಾವೇ ಮಾತಾಡುತ್ತ ಮಾತಾಡುತ್ತ ಅತ್ತುಬಿಟ್ಟರಂತೆ.

ಅವರು ತೀರಿದ ಸುದ್ದಿ ಕಾಕಾನಿಗೆ ನಾನೇ ಫೋನಿನಲ್ಲಿ ತಿಳಿಸಿದೆ. ಅವರ ಮನೆಗೊಮ್ಮೆ ಹೋಗಿ ಬರಬೇಕು ಎಂದರು. ನನಗೆ ಕೋಪ ಬಂತು. ಆ ಮನುಷ್ಯ ನಿಮ್ಮನ್ನು ನೋಡಲು ಬಂದಿದ್ದನೇ ಎಂದೆ. ಕಾಕಾ ಅದಕ್ಕೆ, “ಅಂವ ಬರ್ಲಿಲ್ಲ ಅಂತ ನಾನೂ ಹೋಗಬಾರದೇನ? ಹಂಗಾದ್ರ ನಾವು ಅವನಂಗ ಆದಂಗಾತು” ಎಂದರು. ಒಂದು ತಿಂಗಳು ಬಿಟ್ಟು ಒಂದು ರವಿವಾರ ಇಬ್ಬರೂ ಹೋದೆವು.

ಮನೆಯಲ್ಲಿ ಅವರ ಹೆಂಡತಿ ಮತ್ತು ಸೊಸೆ ಇದ್ದರು. ನನ್ನ ಗುರುತು ಹೇಳಿಕೊಂಡೆ. ಅವರ ಹೆಂಡತಿಯನ್ನು ನಾನು ಮೊದಲು ನೋಡಿದ್ದು ಅಂದೇ. ಹದಿನಾಲ್ಕು ವರ್ಷದಲ್ಲಿ ಶಾಲೆಯ ಒಂದು ಕಾರ್ಯಕ್ರಮಕ್ಕೂ ಸರ್ ಅವರನ್ನು ಕರೆತಂದಿರಲಿಲ್ಲ. ಸಣ್ಣ ದನಿಯ, ಎದುರಿನವರ ಮಾತು ಮುಗಿಯುವ ತನಕ ಕಾಯುವ ಹೆಂಗಸು. ಅಂಥ ಮನೆಯಲ್ಲಿ ಅಂಥವರು ಹೇಗೆ ಬಾಳಿದರೋ.

ಪಡಸಾಲೆಯ ಮೂಲೆಯಲ್ಲಿ ಗಾಜಿನ ಕಪಾಟು. ಅದರಲ್ಲಿ ಕವಚ. ಸುಟ್ಟ ಭುಜಕ್ಕೆ ಹೊಸ ತಗಡು ಹೊಡೆಸಿ ಬೆಳ್ಳಿ ಬಣ್ಣ ಬಳಿಸಿದ್ದರು. ಕೆಳಗೆ ಹಿತ್ತಾಳೆಯ ಫಲಕದಲ್ಲಿ ಅವರ ಹೆಸರು. ನಾವು ನೋಡುತ್ತಿರುವುದನ್ನು ಕಂಡು ಹೆಂಡತಿ ಹತ್ತಿರ ಬಂದರು. ಯಜಮಾನರು ಎರಡು ತಿಂಗಳು ಊಟ ನಿದ್ದೆ ಬಿಟ್ಟು ಸ್ವತಃ ಮಾಡಿದ್ದೆಂದು ಕಾಕಾನಿಗೆ ವಿವರಿಸಿದರು. ಆಮೇಲೆ, ಹೇಳಲೋ ಬೇಡವೋ ಎಂಬಂತೆ, “ಪ್ರದರ್ಶನದ ದಿವಸ ಯಾರೋ ಹಳ್ಳಿ ಗಾಂವಠಿ ಮನಶ್ಯಾ ಒಳಗ ಹೊಕ್ಕು ಕೆಡಿಸಿದ್ನಂತ್ರಿ. ಅವಗೇನೂ ಪೆಟ್ಟಾಗ್ಲಿಲ್ಲ ಅಂತ ಹೇಳ್ತಿದ್ರು” ಎಂದರು.

ನಾನು ಬಾಯಿ ತೆರೆದೆ. ಮಾತು ಬರುವ ಮೊದಲು ಕಾಕಾ ಹೇಳಿದರು, ಹವಾಮಾನ ಹೇಳುವಷ್ಟು ಸಾದಾ ದನಿಯಲ್ಲಿ. “ಒಳಗಿದ್ದಾಂವ ನಾನ್ರಿ ಅವ್ವಾ.”

ಆ ತಾಯಿ ಕಾಕಾನ ಮುಖ ನೋಡಿದರು. ಆಮೇಲೆ ಅವರ ಕಣ್ಣು ಎಡಗೈಗೆ ಇಳಿಯಿತು. ಕಾಕಾ ಕೈ ಮುಚ್ಚಿಕೊಳ್ಳಲಿಲ್ಲ, ತೋರಿಸಲೂ ಇಲ್ಲ. ಆ ತಾಯಿ ನನ್ನ ಕಡೆ ತಿರುಗಿ, ನೀವು ಆಗ ಅಲ್ಲಿದ್ದಿರಾ ಎಂದು ಕೇಳಿದರು. ಇದ್ದೆ ಎಂದೆ. ಹತ್ತಿಯ ವಿಷಯ, ಹೊದಿಸಿದ ತಗಡಿನ ವಿಷಯ, ಮೈಕಿನ ವಿಷಯ, ನಾನು ಸಾಕ್ಷಿ ಹಾಕಿದ ಕಾಗದದ ವಿಷಯ ಎಲ್ಲವನ್ನೂ ಹೇಳಿದೆ. ಹೇಳುವಾಗ ಅವರ ಗಂಡನ ಬಗ್ಗೆ ಒಂದು ಕೆಟ್ಟ ಶಬ್ದವನ್ನೂ ಬಳಸಬೇಕಾಗಲಿಲ್ಲ. ನಡೆದದ್ದೇ ಸಾಕಾಗಿತ್ತು.

ಅವರು ಬಹಳ ಹಿಂದೆಯೇ ಇಂಥದ್ದೇನೋ ಇರಬಹುದೆಂದು ಅಂದಾಜಿದ್ದವರಂತೆ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ನಂತರ ಕಾಕಾನ ಹೆಸರು ಕೇಳಿದರು.

“ಸಿದ್ರಾಮ ಅಂತಾರ್ರಿ. ಕರಜಗಿ ಊರು.”

ಒಳಗಿನಿಂದ ಸೊಸೆ ತಟ್ಟೆಯಲ್ಲಿ ಚಹಾ ಹಿಡಿದು ಬರುತ್ತಿದ್ದಳು. ಅತ್ತೆ ಅವಳನ್ನು ನನ್ನ ಕಡೆ ಬರದಂತೆ ಕೈಯಿಂದ ತಡೆದು, ಕುರ್ಚಿಯೊಂದನ್ನು ಕಾಕಾನ ಕಡೆ ಸರಿಸಿದರು.

“ಮೊದಲ ಸಿದ್ರಾಮಪ್ಪನವರಿಗೆ ಕೊಡವಾ” ಎಂದರು.